ಪೋಲಿಷ್ ಪದಗಳು ಕನ್ನಡ ಲಿಪಿಯಲ್ಲಿ: ಎರಡು ‘ಶ’, ಸೊನ್ನೆ, ಮತ್ತೆ ‘ಪಾನ್’ ಅನ್ನುವ ಮಾತು

ಗೆಳೆಯರೇ, ನಮಸ್ಕಾರ.

ಒಂದು ಪದಪಟ್ಟಿ ಮಾಡುತ್ತಿದ್ದೇವೆ. ಕೆಲವು ಕಡೆ ಮುಂದೆ ಹೋಗಲು ಆಗುತ್ತಿಲ್ಲ. ನಿಮ್ಮ ಅಭಿಪ್ರಾಯ ಬೇಕು.

ಶಿರಸಿಯ ನನ್ನ ತಂಗಿಯ ಮಗಳು, ಇಲ್ಲೇ ಕಾರವಾರದ ಸದಾಶಿವಗಡದ ಅವಳ ಗೆಳತಿ, ಇಬ್ಬರೂ ಓದಲು ಪೋಲೆಂಡಿಗೆ ಹೊರಟಿದ್ದಾರೆ. ಕಾಲೇಜಿನ ಪಾಠ ಇಂಗ್ಲಿಷಿನಲ್ಲಿ. ಆದರೆ ಅಂಗಡಿ, ಬಸ್ಸು, ಬಾಡಿಗೆ ಮನೆ ಇದಕ್ಕೆಲ್ಲ ಅಲ್ಲಿಯ ಮಾತೇ ಬೇಕಲ್ವಾ. ಹಾಗಾಗಿ ಪೋಲೆಂಡಿನ ಜನ ತಮ್ಮ ಮನೆಯಲ್ಲೇ ಫೋನ್ ಇಟ್ಟುಕೊಂಡು ಮಾಡಿ ಯೂಟ್ಯೂಬಿಗೆ ಹಾಕಿದ ವಿಡಿಯೊಗಳನ್ನು ನೋಡಿ ಕಲಿಯುತ್ತಿದ್ದಾರೆ. ಕೇಳಿದ್ದನ್ನು ಕನ್ನಡ ಲಿಪಿಯಲ್ಲಿ ಬರೆದಿಡುವ ಕೆಲಸ ನನ್ನದು.

ಈ ಮನೆಯಲ್ಲಿ ಮಾಡಿದ ವಿಡಿಯೊಗಳು ನನಗೆ ದೊಡ್ಡ ಕೋರ್ಸುಗಳಿಗಿಂತ ಜಾಸ್ತಿ ಇಷ್ಟ. ಅಡುಗೆಮನೆಯಲ್ಲಿ ನಿಂತು ಬ್ರೆಡ್ ಎತ್ತಿ ತೋರಿಸಿ ‘ತೊ ಯೆಸ್ತ್ ಹ್ಲೆಪ್’, ಇದು ಬ್ರೆಡ್, ಅನ್ನುತ್ತಾರೆ. ಬಾಯಿ ಕ್ಯಾಮೆರಾಕ್ಕೆ ಹತ್ತಿರ ಇರುತ್ತದೆ, ತುಟಿ ಎಲ್ಲಿ ಉರುಟಾಯಿತು ಅಂತ ಕಾಣುತ್ತದೆ. ಆಮೇಲೆ ಖಾಲಿ ಡಬ್ಬಿ ತೆರೆದು ‘ನ್ಯೆ ಮಾ ಹ್ಲೆಬಾ’, ಬ್ರೆಡ್ ಇಲ್ಲ, ಅನ್ನುತ್ತಾರೆ. ಹ್ಲೆಪ್ ಇದ್ದದ್ದು ಹ್ಲೆಬಾ ಆಯಿತು ನೋಡಿ. ಬರವಣಿಗೆಯಲ್ಲಿ ಎರಡು ಕಡೆಯೂ ‘ಬ’ ಇದೆ. ಪದದ ಕೊನೆಗೆ ಬಂದಾಗ ಬ ಹೋಗಿ ಪ, ದ ಹೋಗಿ ತ, ಗ ಹೋಗಿ ಕ ಕೇಳಿಸುತ್ತದೆ, ಅದರ ಮುಂದೆ ವಿಭಕ್ತಿ ಸೇರಿದ ಕೂಡಲೇ ಮೂಲ ಅಕ್ಷರ ವಾಪಸ್ ಬರುತ್ತದೆ. ಊರಿನ ಹೆಸರು ಕ್ರಾಕುಫ್, ಆದರೆ ‘ಕ್ರಾಕುಫಿನಲ್ಲಿ’ ಅನ್ನಬೇಕಾದರೆ ‘ಫ್ ಕ್ರಾಕೊವ್ಯೆ’. ಒಂಟಿ ಪದಗಳನ್ನು ಸಾಲಾಗಿ ಓದಿ ಮುಗಿಸುವ ಪಾಠದಲ್ಲಿ ಇದು ಸಿಗುವುದೇ ಇಲ್ಲ, ಮನೆಮಾತಿನಲ್ಲಿ ತಾನಾಗಿ ಸಿಗುತ್ತದೆ. ಪೋಲಿಷಿಗೆ ಏಳು ವಿಭಕ್ತಿ, ಸಂಬೋಧನೆಯೂ ಸೇರಿ. ಶಾಲೆಯಲ್ಲಿ ಪ್ರಥಮಾ, ದ್ವಿತೀಯಾ ಅಂತ ಬಾಯಿಪಾಠ ಮಾಡಿದ ನಮ್ಮ ಮಕ್ಕಳಿಗೆ ಅದೇನು ಹೊಸದಲ್ಲ.

ಇನ್ನೊಂದು ಕಡೆ ಕನ್ನಡಕ್ಕೆ ತುಂಬಾ ಅನುಕೂಲ ಇದೆ. ‘ತೊ ನ್ಯೆ ಯೆಸ್ತ್ ಹ್ಲೆಪ್’ ಅಂದರೆ ಇದು ಬ್ರೆಡ್ ಅಲ್ಲ. ‘ನ್ಯೆ ಮಾ ಹ್ಲೆಬಾ’ ಅಂದರೆ ಬ್ರೆಡ್ ಇಲ್ಲ. ಅಲ್ಲ, ಇಲ್ಲ ಬೇರೆ ಬೇರೆ. ಕನ್ನಡದಲ್ಲಿ ಅರ್ಥ ಬರೆದರೆ ಒಂದೇ ಸಾಲಿನಲ್ಲಿ ಮುಗಿಯುತ್ತದೆ.

ತೊಂದರೆ ಇರುವುದು ವಿವರಣೆಯಲ್ಲಿ. ಮಾತಾಡುವುದು ಪೋಲಿಷ್, ವಿವರಿಸುವುದು ಮಾತ್ರ ಇಂಗ್ಲಿಷಿನ ಮೂಲಕ. ಎಸ್ ಝೆಡ್ ಜೋಡಿ ಬಂದರೆ ‘ಶಿಪ್ ಪದದ ಶ’ ಅನ್ನುತ್ತಾರೆ. ಎಸ್ ಮೇಲೆ ಗೀಟು ಬಂದರೆ ‘ಅದೇ ಶ, ಸ್ವಲ್ಪ ಮೆತ್ತಗೆ’ ಅನ್ನುತ್ತಾರೆ. ಇಂಗ್ಲಿಷಿಗೆ ಒಂದೇ ಶ, ಅವರಾದರೂ ಏನು ಮಾಡಿಯಾರು. ಆದರೆ ನಮ್ಮಲ್ಲಿ ಎರಡು ಅಕ್ಷರ ತಯಾರಾಗಿ ಕೂತಿವೆ. ಎಸ್ ಝೆಡ್ ಅಂದರೆ ಹೆಚ್ಚುಕಡಿಮೆ ನಮ್ಮ ಷ, ಗೀಟಿನ ಎಸ್ ನಮ್ಮ ಶ. ‘ಕಾಷ’ ಅಂದರೆ ನುಚ್ಚು, ಬೇಯಿಸಿ ತಿನ್ನುವಂಥದ್ದು. ‘ಕಾಶ’ ಅಂದರೆ ಕತಾಜಿನಾ ಅನ್ನುವ ಹುಡುಗಿಯನ್ನು ಮನೆಯಲ್ಲಿ ಕರೆಯುವ ಹೆಸರು. ಶ, ಷ ಎರಡನ್ನೂ ನಾವು ಮಾತಿನಲ್ಲಿ ಒಂದೇ ಥರ ಹೇಳುತ್ತೇವೆ, ನಿಜ. ಆದರೆ ಯಕ್ಷಗಾನದ ಅರ್ಥಧಾರಿಗಳ ಬಾಯಲ್ಲಿ, ಗೋಕರ್ಣದ ವೈದಿಕರ ಬಾಯಲ್ಲಿ ಷಕಾರ ನಾಲಿಗೆ ಹಿಂದೆ ಸರಿದು ಬರುವುದನ್ನು ಈ ಜಿಲ್ಲೆಯ ಮಕ್ಕಳು ಕೇಳಿಯೇ ಬೆಳೆದಿರುತ್ತಾರೆ. ಶಿರಸಿಯ ಹುಡುಗಿಗೆ ‘ತಾಳಮದ್ದಲೆಯ ಷ’ ಅಂದೆ, ಅಷ್ಟೇ ಸಾಕಾಯಿತು.

ತ, ದ ಕೂಡ ಹೀಗೇ. ಪೋಲಿಷಿನ ತ ಹಲ್ಲಿಗೆ ತಾಗುವ ತ, ಇಂಗ್ಲಿಷಿನ ಟ ಅಲ್ಲ. ಅಪ್ಪನಿಗೆ ‘ತಾತ’ ಅನ್ನುತ್ತಾರೆ, ‘ಟಾಟಾ’ ಅಲ್ಲ. ಕಾಫಿಗೆ ‘ಕಾವ’, ಅದರ ಕ ನಮ್ಮ ಕ, ಇಂಗ್ಲಿಷಿನವರು ಹೇಳುವ ಹಾಗೆ ಉಸಿರು ಬಿಟ್ಟ ಖ ಅಲ್ಲ. ಇಂಗ್ಲಿಷ್ ದಾರಿಯಲ್ಲಿ ಕಲಿತರೆ ನಮಗೆ ಹುಟ್ಟಿನಿಂದ ಬಂದದ್ದನ್ನು ಬಿಟ್ಟು ಸುತ್ತಿ ಬರಬೇಕಾಗುತ್ತದೆ. ಅದಕ್ಕೇ ಪಟ್ಟಿ ಕನ್ನಡ ಲಿಪಿಯಲ್ಲೇ ಆಗಬೇಕು, ಅದೂ ಕಿವಿಗೆ ಕೇಳಿದ ಹಾಗೆ, ಇಂಗ್ಲಿಷ್ ಅಕ್ಷರ ನೋಡಿ ಅಲ್ಲ, ಅನ್ನುವುದು ನನ್ನ ಹಟ.

ಸೊನ್ನೆಯ ವಿಷಯ ಕೇಳಿ, ಇದು ನನಗೆ ಎಲ್ಲಕ್ಕಿಂತ ಸಂತೋಷ ಕೊಟ್ಟದ್ದು. ಪೋಲಿಷಿನ 32 ಅಕ್ಷರಗಳಲ್ಲಿ 9 ಅಕ್ಷರಕ್ಕೆ ಬಾಲವೋ ಚುಕ್ಕೆಯೋ ಗೀಟೋ ಇದೆ. ಬಾಲ ಇರುವುದು ಎರಡಕ್ಕೆ, ಇಂಗ್ಲಿಷಿನ ಎ (a) ಮತ್ತು ಇ (e) ಅಕ್ಷರಗಳಿಗೆ. ಬಾಲದ ಇ ಅಂದರೆ ಮೂಗಿನಲ್ಲಿ ಹೇಳುವ ಎಕಾರ. ಬಾಲದ ಎ ಮಾತ್ರ ಅಕಾರ ಅಲ್ಲ, ಮೂಗಿನ ಒಕಾರ. ಮುಂದೆ ಯಾವ ವ್ಯಂಜನ ಬರುತ್ತದೋ ಅದಕ್ಕೆ ತಕ್ಕ ಹಾಗೆ ಇವು ಬದಲಾಗುತ್ತವೆ. ಹಲ್ಲು ‘ಜ಼ೊಂಪ್’, ಹಲ್ಲುಗಳು ‘ಜ಼ೆಂಬಿ’, ಇಲ್ಲಿ ಮಕಾರ. ಮೂಲೆ ‘ಕೊಂತ್’, ಇಲ್ಲಿ ನಕಾರ. ಕೈ ‘ರೆಂಕ’, ಇಲ್ಲಿ ಙಕಾರ. ಅಂಬು, ಅಂತು, ಅಂಕ ಬರೆಯುವಾಗ ನಮ್ಮ ಸೊನ್ನೆ ಮಾಡುವ ಕೆಲಸವೇ ಅಲ್ವಾ ಇದು! ವಿಡಿಯೊಗಳಲ್ಲಿ ಇದನ್ನು ಮೂರು ನಾಲ್ಕು ನಿಯಮ ಮಾಡಿ ಹೇಳುತ್ತಾರೆ. ನಮಗೆ ‘ಸೊನ್ನೆ ಹಾಕು’ ಅಂದರೆ ಆಯಿತು. ಸ, ಷ ಮುಂತಾದವುಗಳ ಹಿಂದೆ ಬಂದಾಗ ಮಾತ್ರ ನಿಜವಾಗಿ ಮೂಗಿಗೆ ಹೋಗುತ್ತದೆ. ‘ಮ್ಯೆಂಸೊ’ ಅಂದರೆ ಮಾಂಸ, ಎರಡೂ ಒಂದೇ ಬೇರಿನವು. ಇದನ್ನು ಸದಾಶಿವಗಡದ ಹುಡುಗಿ ಮೊದಲ ಸಲಕ್ಕೇ ಹೇಳಿದಳು. ಅವಳ ಮನೆಮಾತು ಕೊಂಕಣಿ. ‘ಹಾಂವ್’, ‘ತೂಂ’ ಅನ್ನುವ ಬಾಯಿಗೆ ಮೂಗಿನ ಸ್ವರ ಕಷ್ಟವಾ? ನನ್ನ ಸೊಸೆ ‘ಮ್ಯೆಮ್ಸೊ’ ಅನ್ನುತ್ತಾಳೆ, ಹಂಸವನ್ನು ನಾವು ಹಮ್ಸ ಅಂದ ಹಾಗೆ. ಪದದ ಕೊನೆಯಲ್ಲಿ ಬಾಲದ ಇ ಬಂದರೆ ಸಾಮಾನ್ಯವಾಗಿ ಬರೀ ಎ ಕೇಳಿಸುತ್ತದೆ. ದಯವಿಟ್ಟು ಅನ್ನಲು ‘ಪ್ರೊಷೆ’. ಧನ್ಯವಾದಕ್ಕೆ ‘ಜೆಂಕುಯೆ’, ಅದರ ನಡುವೆ ಮಾತ್ರ ಸೊನ್ನೆ.

ಈಗ ನನ್ನ ಪ್ರಶ್ನೆಗಳು.

ಸಿ ಝೆಡ್ ಜೋಡಿಗೆ ನಾನು ‘ಟ್ಷ’ ಬರೆಯುತ್ತಿದ್ದೇನೆ. ನಮ್ಮ ಚ ಪೋಲಿಷಿನ ಗೀಟಿನ ಸಿ ಗೆ ಹೊಂದುತ್ತದೆ. ಸಿ ಝೆಡ್ ಹಿಂದಕ್ಕೆ ಸರಿದ ಚ, ಷಕಾರದ ಜಾತಿಯದು. ಹಲೋ ಅನ್ನಲು ಅವರು ಹೇಳುವ ಮಾತಿನಲ್ಲಿ ಮೊದಲಿಗೆ ಒಂದು, ಕೊನೆಗೆ ಇನ್ನೊಂದು ಇದೆ: ‘ಟ್ಷೆಶ್ಚ್’. ‘ಚೆಶ್ಚ್’ ಬರೆದರೆ ಓದಲು ಸುಲಭ, ಆದರೆ ಎರಡೂ ಚ ಒಂದೇ ಆಗಿಬಿಡುತ್ತವೆ. ‘ಟ್ಷ’ ಓದುವವರಿಗೆ ತೊಡಕಾಗುತ್ತದಾ?

ಬರೀ ಸಿ ಇದ್ದರೆ ‘ತ್ಸ’, ಮರಾಠಿಯವರು ‘ಚೋರ್’ ಅನ್ನುವಾಗ ಬರುವ ಮೊದಲ ಧ್ವನಿ. ಕೊಂಕಣಿಯಲ್ಲೂ ಈ ಧ್ವನಿ ಇದೆ. ಕನ್ನಡ ಲಿಪಿಯಲ್ಲಿ ಕೊಂಕಣಿ ಬರೆಯುವ ನಿಮ್ಮಲ್ಲಿ ಯಾರಾದರೂ ಇದಕ್ಕೆ ಚ ಕೆಳಗೆ ಚುಕ್ಕೆ ಇಡುತ್ತೀರಾ, ಇಲ್ಲ ಸಂದರ್ಭ ನೋಡಿ ಓದಿಕೊಳ್ಳಲಿ ಅಂತ ಬಿಡುತ್ತೀರಾ?

ದೊಡ್ಡ ತಲೆನೋವು ವಕಾರದ್ದು. ಪೋಲಿಷಿನ ಡಬ್ಲ್ಯೂ ಹಲ್ಲು ತುಟಿಗೆ ತಾಗುವ ವ. ಅಡ್ಡಗೀಟಿನ ಎಲ್ ತುಟಿ ಉರುಟು ಮಾಡಿ ಹೇಳುವ ವ. ನಮ್ಮಲ್ಲಿ ಎರಡಕ್ಕೂ ಒಂದೇ ಅಕ್ಷರ. 1980ರಲ್ಲಿ ನೊಬೆಲ್ ಪಡೆದ ಕವಿಯ ಹೆಸರನ್ನು ಇಂಗ್ಲಿಷ್ ಅಕ್ಷರ ನೋಡಿ ಮಿಲೋಸ್ ಅನ್ನುತ್ತೇವೆ, ಪೋಲಿಷರ ಬಾಯಲ್ಲಿ ಅದು ‘ಮಿವೊಷ್’. 1996ರಲ್ಲಿ ನೊಬೆಲ್ ಪಡೆದವರು ‘ವಿಸ್ವಾವ ಷಿಂಬೊರ್ಸ್ಕ’, ಆ ಮೊದಲ ಹೆಸರಿನ ಮೂರು ವಕಾರಗಳಲ್ಲಿ ನಡುವಿನದು ಮಾತ್ರ ಉರುಟು. ಅದನ್ನು ‘ಉಅ’ ಅಂತ ಬಿಡಿಸಿ ಬರೆದು ನೋಡಿದೆ, ಕಣ್ಣಿಗೆ ಹಿತವಾಗಿಲ್ಲ. ಬೇರೆ ದಾರಿ ಇದೆಯಾ?

ವೈ ಅಕ್ಷರಕ್ಕೆ ಸದ್ಯ ಇಕಾರವನ್ನೇ ಹಾಕಿದ್ದೇನೆ, ಆದರೆ ಅದು ಸಾಲದು. ‘ಇರುವುದು’ ಮತ್ತು ‘ಹೊಡೆಯುವುದು’ ಅನ್ನುವ ಎರಡು ಕ್ರಿಯಾಪದಗಳಿಗೆ ಈ ಸ್ವರದಲ್ಲಿ ಮಾತ್ರ ವ್ಯತ್ಯಾಸ. ಸುಮ್ನೆ ಬಿಡುವ ಹಾಗಿಲ್ಲ. ತುಳುವಿನ ಕೊನೆಯ ಅರೆ ಉಕಾರ ಇದಕ್ಕೆ ಪೂರಾ ಸಮ ಅಲ್ಲ. ಆದರೂ ತುಳು ಬರೆಯುವವರು ಬಳಸುವ ಗುರುತನ್ನು ಇಲ್ಲಿಗೆ ತರಬಹುದಾ?

ಹ್ರಸ್ವ ದೀರ್ಘಕ್ಕೆ ಒಂದು ಉಪಾಯ ಮಾಡಿದ್ದೇನೆ. ಪೋಲಿಷಿನಲ್ಲಿ ಆ ಭೇದ ಇಲ್ಲ, ಕೊನೆಯಿಂದ ಎರಡನೆಯ ಅಕ್ಷರಕ್ಕೆ ಒತ್ತು ಬೀಳುತ್ತದೆ. ಒತ್ತು ತೋರಿಸಬೇಕಾದಲ್ಲಿ ಅಲ್ಲಿಗೆ ದೀರ್ಘ ಹಾಕುತ್ತೇನೆ: ‘ವರ್ಷಾವ’, ಚಹಕ್ಕೆ ‘ಹೆರ್ಬಾತ’. ಒತ್ತು ಬೇರೆ, ದೀರ್ಘ ಬೇರೆ ಅಂತ ಆಕ್ಷೇಪ ಇದ್ದರೆ ಹೇಳಿ. ನನಗೆ ಓದುವವರ ನಾಲಿಗೆ ಸರಿಯಾದ ಜಾಗದಲ್ಲಿ ನಿಂತರೆ ಸಾಕು.

ಕೊನೆಯದು ಅರ್ಥದ ಪ್ರಶ್ನೆ. ಮನೆ ವಿಡಿಯೊಗಳಲ್ಲಿ ಅಮ್ಮ ಮಗನಿಗೆ, ಗೆಳತಿ ಗೆಳತಿಗೆ ಹೇಳುವ ಮಾತೇ ಜಾಸ್ತಿ. ಹಾಗಾಗಿ ಮಕ್ಕಳು ಕಲಿತದ್ದೆಲ್ಲ ‘ನೀನು’ ರೂಪ. ‘ಮಾಷ್ ಟ್ಷಾಸ್?’ ಅಂದರೆ ನಿನಗೆ ಸಮಯ ಇದೆಯಾ. ಇದನ್ನೇ ಕಚೇರಿಯಲ್ಲಿ ಗುರುತಿಲ್ಲದ ಹಿರಿಯರಿಗೆ ಹೇಳಿದರೆ ಒರಟಾಗುತ್ತದೆ. ಅಲ್ಲಿ ‘ಟ್ಷಿ ಪಾನ್ ಮಾ ಟ್ಷಾಸ್?’ ಅನ್ನಬೇಕು. ಗಂಡಸರಿಗೆ ಪಾನ್, ಹೆಂಗಸರಿಗೆ ಪಾನಿ, ಕ್ರಿಯಾಪದ ಪ್ರಥಮ ಪುರುಷದ್ದು. ಎದುರಿಗೆ ನಿಂತವರನ್ನೇ ಬೇರೆ ಯಾರೋ ಅನ್ನುವ ಹಾಗೆ ಮಾತಾಡಿಸುವುದು. ಇಂಗ್ಲಿಷಿನಲ್ಲಿ ವಿವರಿಸುವವರು ಇದಕ್ಕೆ ಬಹಳ ಒದ್ದಾಡುತ್ತಾರೆ. ನಮ್ಮ ಶಿರಸಿ ಕಡೆ ಬಂದವರ ಮುಖ ನೋಡಿಯೇ ‘ಭಟ್ರು ಯಾವಾಗ ಬಂದದ್ದು?’, ‘ಹೆಗಡೇರು ಊಟ ಮಾಡಿಯೇ ಹೋಗಬೇಕು’, ‘ಅಕ್ಕೋರು ಇವತ್ತು ಶಾಲೆಗೆ ಹೋಗಲಿಲ್ವಾ?’ ಅನ್ನುತ್ತೇವಲ್ಲ, ಅದೇ ಇದು. ನಮ್ಮದು ಬಹುವಚನ, ಅವರದು ಏಕವಚನ, ಅಷ್ಟು ವ್ಯತ್ಯಾಸ.

ಪಟ್ಟಿಯಲ್ಲಿ ಪಾನ್ ಎದುರು ‘ನೀವು’ ಬರೆದರೆ ಮಕ್ಕಳು ಕ್ರಿಯಾಪದ ತಪ್ಪುತ್ತಾರೆ. ‘ಅವರು’ ಬರೆದರೆ ಮೂರನೆಯವರ ಬಗ್ಗೆ ಅಂದುಕೊಳ್ಳುತ್ತಾರೆ. ‘ರಾಯರು’ ಗಂಡಸರಿಗೆ ನಡೆಯುತ್ತದೆ, ಪಾನಿಗೆ ಅದರ ಜೋಡಿ ಯಾವುದು? ‘ಅಕ್ಕೋರು’ ನನಗೆ ಇಷ್ಟ, ಆದರೆ ನಮ್ಮ ಜಿಲ್ಲೆಯಲ್ಲಿ ಅದು ಶಾಲೆಯ ಟೀಚರಿಗೆ ಮೀಸಲಾದ ಹಾಗಿದೆ. ಘಟ್ಟದ ಮೇಲೆ, ಮೈಸೂರು ಕಡೆ, ಧಾರವಾಡ ಕಡೆ ಹೆಂಗಸರನ್ನು ಹೀಗೆ ಎದುರಿಗಿಟ್ಟುಕೊಂಡೇ ಪ್ರಥಮ ಪುರುಷದಲ್ಲಿ ಮಾತಾಡಿಸುವ ಪದ ನಿಮ್ಮ ಮಾತಿನಲ್ಲಿ ಏನಿದೆ, ತಿಳಿಸುತ್ತೀರಾ?