ಅಪ್‌ಡೇಟ್: ದೊಡ್ಡಪ್ಪನ ಹೋಂಸ್ಟೇ ಸೈಟ್ ಈಗ ಅವರ ಕೈಯಲ್ಲೇ ಇದೆ

ತೀರ್ಥಹಳ್ಳಿ ಹತ್ತಿರದ ನಮ್ಮ ದೊಡ್ಡಪ್ಪನ ಹೋಂಸ್ಟೇಗೆ, ಕೋಡ್ ಮುಟ್ಟದೆ ಅವರೇ ತಿದ್ದಿಕೊಳ್ಳುವಂಥ ಸೈಟ್ ಹೇಗೆ ಮಾಡೋದು ಅಂತ ಮಳೆಗಾಲಕ್ಕೆ ಮೊದಲು ಇಲ್ಲಿ ಕೇಳಿದ್ದೆ. ಸೈಟ್ ಕಟ್ಟುವ ತಂತ್ರಾಂಶ ವರ್ಡ್‌ಪ್ರೆಸ್‌ನಲ್ಲಿ, ಪುಟವನ್ನು ತುಂಡು ತುಂಡಾಗಿ (ಬ್ಲಾಕ್) ಜೋಡಿಸುವ ಬ್ಲಾಕ್ ಎಡಿಟರ್ ಒಂದೇ ಸಾಕು, ಭಾರದ ಥೀಮ್ (ಸಿದ್ಧ ವಿನ್ಯಾಸ) ಬೇಡ ಅಂದಿದ್ರಿ. ಹಾಗೇ ಮಾಡಿದೆ. ತುಂಬಾ ಉಪಕಾರವಾಯ್ತು.

ಮೊದಲು ಫೋಟೋಗಳೇ ಏರಲಿಲ್ಲ. ವರ್ಡ್‌ಪ್ರೆಸ್ ಬರೆದಿರುವ ಭಾಷೆ ಪಿಎಚ್‌ಪಿಯ ಅಪ್‌ಲೋಡ್ ಮಿತಿ ಡೀಫಾಲ್ಟ್ ಆಗಿ 2 ಎಂಬಿ. ಹೆಚ್ಚಿಸಿದ ಮೇಲೆ ಸರಿಹೋಯ್ತು.

ನಿಜವಾಗಿ ತಲೆ ಕೆಡಿಸಿದ್ದು ಲಿಂಕ್. ಕನ್ನಡದ ಶೀರ್ಷಿಕೆ ಕೊಟ್ಟರೆ ಅದರ ಲಿಂಕ್ ಅರ್ಧಕ್ಕೇ ತುಂಡಾಗ್ತಿತ್ತು. ಹುಡುಕಿದಾಗ ಕಾರಣ ಸಿಕ್ಕಿತು: ಕಂಪ್ಯೂಟರ್ ಅಕ್ಷರಗಳನ್ನು ಕೂಡಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್, ವಿಳಾಸದಲ್ಲಿ ಒಂದೊಂದು ಬೈಟೂ %E0 ಥರ ಮೂರು ಅಕ್ಷರ, ಹಾಗಾಗಿ ಅದು 9 ಅಕ್ಷರವಾಗುತ್ತೆ. ವರ್ಡ್‌ಪ್ರೆಸ್ ಲಿಂಕಿನ ಈ ಭಾಗಕ್ಕೆ ಇಡುವುದು 200 ಅಕ್ಷರ ಮಾತ್ರ. ಅಂದರೆ 22 ಚಿಹ್ನೆಗೆ ಮುಗೀತು, ಅದರಲ್ಲೂ ಗುಣಿತ, ಒತ್ತು ಎಲ್ಲ ಬೇರೆ ಬೇರೆ ಲೆಕ್ಕ! ಕನ್ನಡದಲ್ಲಿ ಸೈಟ್ ಮಾಡುವವರು ದಯವಿಟ್ಟು ಇದನ್ನು ನೆನಪಿಡಿ. ಶೀರ್ಷಿಕೆ ಕನ್ನಡದಲ್ಲೇ ಇರಲಿ, ಲಿಂಕನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ನಾವೇ ಬರೆಯಬೇಕು.

ಕೋಣೆಯ ದರವನ್ನು ಸಿಂಕ್ಡ್ ಪ್ಯಾಟರ್ನ್ ಮಾಡಿಟ್ಟೆ. ಒಂದು ಕಡೆ ತಿದ್ದಿದರೆ ಎಲ್ಲ ಪುಟದಲ್ಲೂ ಬದಲಾಗುತ್ತೆ. ಕೈತಪ್ಪಿ ಅಳಿಸಿಹೋಗಬಾರದ ಬ್ಲಾಕ್‌ಗಳಿಗೆ ಲಾಕ್ ಹಾಕಿದ್ದೇನೆ. ಮಳೆಗೆ ಕರೆಂಟ್ ಹೋದರೂ ಬರೆದದ್ದು ಬಹುಪಾಲು ಉಳಿಯುತ್ತೆ, ನಿಮಿಷಕ್ಕೊಮ್ಮೆ ತಾನೇ ಸೇವ್ ಆಗುತ್ತಲ್ಲ.

ನಿನ್ನೆ ದೊಡ್ಡಪ್ಪ ಫೋನ್ ಮಾಡಿ, "ಕುಂದಾದ್ರಿ ಬೆಟ್ಟದ ಪುಟ ನಾನೇ ಹಾಕಿದೀನಿ, ನೋಡು ಮಾರಾಯ" ಅಂದ್ರು. ಎರಡು ಫೋಟೋ, ನಾಲ್ಕು ಸಾಲು. ಚೆನ್ನಾಗೇ ಬಂದಿದೆ.