‘ಹುದುಗಿಸಿದ’ ಆಹಾರವೋ, ‘ಹುಳಿ ಬರಿಸಿದ’ ಆಹಾರವೋ?

ಎಲ್ಲರಿಗೂ ನಮಸ್ಕಾರ. ಇಂಗ್ಲಿಷಿನ ‘ಫರ್ಮೆಂಟೆಡ್’ ಆಹಾರಕ್ಕೆ, ಅಂದರೆ ಇಡ್ಲಿ ಹಿಟ್ಟು, ಮೊಸರಿನ ಹಾಗೆ ಸೂಕ್ಷ್ಮಜೀವಿಗಳಿಂದ ಬದಲಾದ ಆಹಾರಕ್ಕೆ, ಕನ್ನಡದಲ್ಲಿ ಯಾವ ಪದ ಅಂತ ಕೇಳಬೇಕಿತ್ತು. ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಬರೀ ಪದ ಕೇಳಿದರೆ ನಿಘಂಟಿನ ಉತ್ತರ ಬರುತ್ತದೆ, ಅದು ನನ್ನ ಹತ್ತಿರ ಆಗಲೇ ಇದೆ.

ನಾನು ಉಡುಪಿಯವಳು. ಆಹಾರ ವಿಜ್ಞಾನ ಮತ್ತು ಪೋಷಣೆಯಲ್ಲಿ ಎಂ.ಎಸ್‌ಸಿ. ಮಾಡುತ್ತಿದ್ದೇನೆ. ಸಂಶೋಧನೆಗೇ ಜಾಸ್ತಿ ಒತ್ತು ಇರುವ ಕೋರ್ಸು, ಈ ವರ್ಷ ಪೂರ್ತಿ ಪ್ರಬಂಧದ ಕೆಲಸ. ಇಲ್ಲಿನ ಮನೆಗಳಲ್ಲಿ ಫರ್ಮೆಂಟ್ ಆದ ಆಹಾರವನ್ನು ವಾರಕ್ಕೆ ಎಷ್ಟು ಸಲ ತಿನ್ನುತ್ತಾರೆ ಅನ್ನುವುದು ನನ್ನ ವಿಷಯ. ಒಪ್ಪಿಗೆ ಪತ್ರ, ಮಾಹಿತಿ ಹಾಳೆ ಎಲ್ಲವೂ ಉತ್ತರ ಕೊಡುವವರಿಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕು, ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಅದನ್ನೇ ಹೇಳುತ್ತದೆ. ಹಾಗಾಗಿ ಇಂಗ್ಲಿಷಿನ ಪ್ರಶ್ನಾವಳಿಯನ್ನು ಒಬ್ಬರಿಂದ ಕನ್ನಡಕ್ಕೆ ಮಾಡಿಸಿದೆವು. ‘ಹುದುಗಿಸಿದ ಆಹಾರಗಳನ್ನು ವಾರಕ್ಕೆ ಎಷ್ಟು ಬಾರಿ ಸೇವಿಸುತ್ತೀರಿ?’ ಅಂತ ಆಯಿತು. ಶಾಲೆಯ ವಿಜ್ಞಾನ ಪಾಠದಲ್ಲಿ ಓದಿದ್ದೇ ಪದ. ನಾನೂ ಒಪ್ಪಿಕೊಂಡೆ.

ಕಟಪಾಡಿ ಹತ್ತಿರ ಮೊದಲ ಮನೆ. ಅಜ್ಜಿಯೊಬ್ಬರು ಅಡುಗೆಮನೆಯಲ್ಲೇ ಮಣೆ ಹಾಕಿ ಕೂರಿಸಿದರು. ಪ್ರಶ್ನೆ ಓದಿದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ, “ಹುದುಗಿಸಿ ಇಡುವಂಥದ್ದು ನಮ್ಮಲ್ಲಿ ಎಂತದೂ ಇಲ್ಲ ಮಗಾ” ಅಂದರು. ಅವರಿಗೆ ಹುದುಗು ಅಂದರೆ ಅಡಗು, ಮರೆಯಾಗು. ನಾನು ಸೊನ್ನೆ ಬರೆದೆ. ಬರೆಯುತ್ತಿರುವಾಗ ಒಲೆಯ ಪಕ್ಕದ ಪಾತ್ರೆ ಕಣ್ಣಿಗೆ ಬಿತ್ತು. ರಾತ್ರಿ ಕಡೆದಿಟ್ಟ ಇಡ್ಲಿ ಹಿಟ್ಟು ಉಬ್ಬಿ ಮುಚ್ಚಳವನ್ನು ಬೆರಳಿನಷ್ಟು ಮೇಲೆ ಎತ್ತಿತ್ತು, ಒಂದು ಬದಿಯಲ್ಲಿ ಇಳಿದು ಒಣಗಿಯೂ ಇತ್ತು. ಅಜ್ಜಿ ಸೌಟು ಹಾಕಿದ ಕೂಡಲೇ ಹಿಟ್ಟು ಮೆಲ್ಲ ಕುಸಿಯಿತು, ಒಳಗೆಲ್ಲ ಸಣ್ಣ ಸಣ್ಣ ತೂತು. ಇದಕ್ಕೆ ಏನು ಹೇಳ್ತೀರಿ ಅಂತ ಕೇಳಿದೆ. “ಹಿಟ್ಟು ಹುಳಿ ಬಂದದ್ದು, ಮತ್ತೆಂತ?” ಸೊಸೆ ತುಳುವಿನಲ್ಲಿ “ಪುಳಿ ಬೈದ್ಂಡ್” ಅಂದರು. ಎರಡೂ ಒಂದೇ ಮಾತು.

ಆ ದಿನದ ಫಾರ್ಮುಗಳನ್ನೆಲ್ಲ ಬದಿಗಿಟ್ಟೆ. (ಅದರಲ್ಲಿ ‘ಅರೆಬೆಂದ ಅಕ್ಕಿ’ ಅಂತ ಇನ್ನೊಂದು ಇತ್ತು. ಭತ್ತವನ್ನು ಬೇಯಿಸಿ ಒಣಗಿಸಿ ಮಾಡಿದ ಅಕ್ಕಿಗೆ ಇಲ್ಲಿ ಕುಚ್ಚಲಕ್ಕಿ ಅನ್ನುವ ಗಟ್ಟಿ ಪದ ಇರುವಾಗ, ಅನ್ನ ಸರಿ ಬೇಯದೆ ಉಳಿದಂತೆ ಕೇಳುವ ‘ಅರೆಬೆಂದ’ ಯಾಕೆ? ಅದನ್ನು ಅಲ್ಲೇ ಹೊಡೆದು ಹಾಕಿದೆ.)

ಮುಂದಿನ ಸಲ ‘ಹುಳಿ ಬಂದ ಆಹಾರ’ ಅಂತ ಕೇಳಿದೆ. ಇದರಲ್ಲಿ ಬೇರೆಯೇ ಕಷ್ಟ. ನಮ್ಮ ಕಡೆ ಹುಳಿ ಅಂದರೆ ಹುಣಸೆಹಣ್ಣು, ತರಕಾರಿ ಹಾಕಿದ ಹುಳಿಯೂ ಹುಳಿಯೇ. ಒಬ್ಬರು ಪುನರ್ಪುಳಿ (ಕೋಕಂ) ಶರಬತ್ತನ್ನೂ ಸೇರಿಸಿದರು. ಅದಾದರೂ ಪರವಾಗಿಲ್ಲ, ಆದರೆ ಇನ್ನೊಂದು ಮನೆಯಲ್ಲಿ ಅಕ್ಕ ಒಬ್ಬರ ಮುಖ ಸಣ್ಣದಾಯಿತು. “ನಾವು ಹುಳಿ ಬಂದದ್ದು ತಿನ್ನುದಿಲ್ಲ, ದನಕ್ಕೆ ಹಾಕ್ತೇವೆ” ಅಂದರು. ನಿನ್ನೆಯ ಸಾಂಬಾರು ಕೆಟ್ಟರೆ ಹೇಳುವುದೂ ‘ಹುಳಿ ಬಂದಿದೆ’ ಅಂತಲೇ ಅಲ್ವಾ? ನನ್ನ ಪ್ರಶ್ನೆ ಅವರಿಗೆ ‘ನೀವು ಹಳಸಿದ್ದು ತಿನ್ನುತ್ತೀರಾ’ ಅಂತ ಕೇಳಿಸಿತ್ತು. ತುಂಬ ಬೇಸರವಾಯಿತು. ಪೋಷಣೆಯ ಅಧ್ಯಯನ ಅಂತ ಮನೆಯೊಳಗೆ ಹೋಗಿ ಯಾರ ಊಟದ ಬಗ್ಗೆಯೂ ಹಾಗೆ ಮಾತಾಡಬಾರದು.

ಆಮೇಲೆ ಅದೇ ಅಕ್ಕನ ಬಾಯಲ್ಲೇ ದಾರಿ ಸಿಕ್ಕಿತು. ಹೊರಡುವಾಗ ಅವರು, “ಮಳೆಗಾಲದಲ್ಲಿ ಹಿಟ್ಟು ಹುಳಿ ಬರಿಸುದೇ ಕಷ್ಟ, ಪಾತ್ರೆಗೆ ಬೈರಾಸು (ಟವೆಲು) ಸುತ್ತಿ ಇಡ್ತೇನೆ” ಅಂದರು. ಬರಿಸುವುದು! ‘ಹುಳಿ ಬಂದ’ ಸಾಂಬಾರು ತಾನಾಗಿ ಕೆಟ್ಟದ್ದು, ‘ಹುಳಿ ಬರಿಸಿದ’ ಹಿಟ್ಟು ಬೇಕೆಂದೇ ಮಾಡಿದ್ದು. ನಮಗೆ ಕ್ಲಾಸಿನಲ್ಲಿ ಹೇಳಿಕೊಡುವ ವ್ಯತ್ಯಾಸವೂ ಇದೇ. ಎರಡು ಕಡೆಯೂ ಸೂಕ್ಷ್ಮಜೀವಿಗಳೇ ಕೆಲಸ ಮಾಡುವುದು, ಒಂದು ನಮಗೆ ಬೇಕಾದದ್ದು, ಇನ್ನೊಂದು ಬೇಡದ್ದು. ಆ ಬೇಕು ಬೇಡ ಎಲ್ಲ ಕನ್ನಡದಲ್ಲಿ ಒಂದು ‘ಇಸು’ವಿನಲ್ಲಿದೆ. ನನಗೆ ಇದು ಬಹಳ ಖುಷಿ ಕೊಟ್ಟಿತು.

ಹಾಗಂತ ಪದ ಸಿಕ್ಕಿಬಿಟ್ಟಿತು ಅನ್ನುವ ಹಾಗಿಲ್ಲ. ಫಾರ್ಮನ್ನು ಕನ್ನಡಕ್ಕೆ ತಂದ ಮೇಲೆ, ಮೂಲ ನೋಡದ ಇನ್ನೊಬ್ಬರು ಅದನ್ನು ತಿರುಗಿ ಇಂಗ್ಲಿಷಿಗೆ ಮಾಡಬೇಕು, ಎರಡೂ ಹೊಂದಬೇಕು. ‘ಹುಳಿ ಬರಿಸಿದ ಆಹಾರ’ ಅಲ್ಲಿಂದ ‘ಹುಳಿ ರುಚಿಯ ಆಹಾರ’ ಎಂಬ ಅರ್ಥದಲ್ಲಿ ವಾಪಸು ಬಂತು. ‘ಉಬ್ಬಿಸಿದ’ ಅಂದರೆ? ಸೋಡ ಹಾಕಿದರೂ ಉಬ್ಬುತ್ತದೆ, ಮೊಸರು ಉಬ್ಬುವುದೇ ಇಲ್ಲ. ಇಡ್ಲಿ ಹಿಟ್ಟಿನಲ್ಲಿ ಮೊದಲು ಬೆಳೆಯುವ ಲ್ಯೂಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯಾ ಹುಳಿಯನ್ನೂ ಗಾಳಿಯನ್ನೂ ಒಟ್ಟಿಗೇ ಕೊಡುತ್ತದೆ, ಅದಕ್ಕೇ ಅಲ್ಲಿ ಹುಳಿ ಬರುವುದೂ ಉಬ್ಬುವುದೂ ಜೊತೆಯಲ್ಲಿ. ಎಲ್ಲ ಕಡೆ ಹಾಗಲ್ಲ. ಮೊಸರಿಗೆ ಹೆಪ್ಪು. ಮಂಗಳೂರಿನ ಕ್ರೈಸ್ತರ ಮನೆಯ ಸನ್ನಾಕ್ಕೆ (ಇಡ್ಲಿಯಂಥ ತಿಂಡಿ) ಶೇಂದಿ ಹಾಕಿ ಉಬ್ಬಿಸುವುದಿದೆ. ಹಲಸಿನ ಸೊಳೆಯನ್ನು ಭರಣಿಯಲ್ಲಿ ತಿಂಗಳುಗಟ್ಟಲೆ ಇಟ್ಟರೆ ಅದು ‘ಉಪ್ಪಿಗೆ ಹಾಕಿದ್ದು’, ಅಲ್ಲಿ ಹುಳಿಯ ಮಾತೇ ಇಲ್ಲ. ಇನ್ನು ಫರ್ಮೆಂಟೇಶನ್ನಿಗೆ ಪುಸ್ತಕದಲ್ಲಿ ಬರುವ ಇನ್ನೊಂದು ಪದ ‘ಕಿಣ್ವನ’. ಕಿಣ್ವವನ್ನು ಈಗ ಎಂಜೈಮಿಗೆ ಬಳಸುತ್ತೇವೆ, ಹಾಗಾಗಿ ಅದು ಬೇಡ ಅನ್ನಿಸುತ್ತದೆ.

ಹುಳಿಯ ಪರವಾಗಿ ಒಂದು ಸಾಕ್ಷಿ ಮಾತ್ರ ಇದೆ. ಕನ್ನಡ ಬೈಬಲ್ಲಿನಲ್ಲಿ ‘ಹುಳಿಯಿಲ್ಲದ ರೊಟ್ಟಿ’ ಅಂತ ಬರುತ್ತದೆ. ಅಲ್ಲಿ ಹುಳಿ ರುಚಿಯಲ್ಲ, ಹಿಟ್ಟನ್ನು ಉಬ್ಬಿಸುವ ವಸ್ತು. ಅಂದರೆ ಈ ಅರ್ಥ ನಾನು ಹೊಸದಾಗಿ ಹೊರಿಸುತ್ತಿರುವುದಲ್ಲ.

ನನ್ನ ಹಾಸ್ಟೆಲಿನ ಮೈಸೂರು ಕಡೆಯ ಗೆಳತಿ ದೋಸೆ ಹಿಟ್ಟಿಗೆ ಸಲೀಸಾಗಿ ‘ಹುದುಗು ಬಂದಿದೆ’ ಅನ್ನುತ್ತಾಳೆ. ಅವಳಿಗೆ ಅದು ಮನೆಮಾತು, ಕಟಪಾಡಿಯ ಆ ಅಜ್ಜಿಗೆ ಪುಸ್ತಕದ ಮಾತು. ಅಡಗುವ ಹುದುಗೂ ಹಿಟ್ಟಿನ ಹುದುಗೂ ಒಂದೇ ಬೇರಿನದ್ದಾ, ಬೇರೆ ಬೇರೆಯಾ? ಬಲ್ಲವರು ಹೇಳಬೇಕು. ನಿಮ್ಮ ಊರಿನಲ್ಲಿ ‘ಹುಳಿ ಬರಿಸು’ ಇದೆಯಾ? ಶಿವಮೊಗ್ಗ, ಧಾರವಾಡ, ಕಲಬುರಗಿ ಕಡೆಯವರು ಹಿಟ್ಟಿಗೆ ಏನಂತೀರಿ?

ಸದ್ಯಕ್ಕೆ ನಾನು ಮಾಡಿರುವುದು ಇಷ್ಟು. ಪ್ರಶ್ನೆಯಲ್ಲಿ ಒಂದೇ ಪದ ಇಡದೆ, ‘ಹುಳಿ ಬರಿಸಿದ ಹಿಟ್ಟಿನ ತಿಂಡಿ (ಇಡ್ಲಿ, ಉದ್ದಿನ ದೋಸೆ, ಮೂಡೆ), ಹೆಪ್ಪು ಹಾಕಿದ ಮೊಸರು, ಉಪ್ಪಿಗೆ ಹಾಕಿದ ಸೊಳೆ’ ಅಂತ ಬಿಡಿಸಿ ಬರೆದಿದ್ದೇನೆ (ಮೂಡೆ ಅಂದರೆ ಎಲೆಯ ಕೊಟ್ಟೆಯಲ್ಲಿ ಬೇಯಿಸಿದ ಇಡ್ಲಿ). ನೀರುದೋಸೆ ಹಿಟ್ಟನ್ನು ಕಡೆದ ಕೂಡಲೇ ಹೊಯ್ಯುವುದು, ಅದನ್ನು ಬಿಟ್ಟಿದ್ದೇನೆ. ಆದರೆ ಪ್ರಬಂಧದ ಕನ್ನಡ ಸಾರಾಂಶಕ್ಕೆ ಒಂದು ಪದ ಬೇಕೇ ಬೇಕು. ಅಲ್ಲಿ ‘ಹುಳಿಬರಿಕೆ’ ಅಂದರೆ ಓದುವವರಿಗೆ ಒಗ್ಗುತ್ತದಾ? ತಿದ್ದಿದ ಫಾರ್ಮನ್ನು ಈ ತಿಂಗಳ ಕೊನೆಗೆ, ಅಧ್ಯಯನಕ್ಕೆ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಗೆ ಮತ್ತೆ ಕೊಡಬೇಕು, ಅದರೊಳಗೆ ಬರೆದರೆ ಉಪಕಾರವಾಗುತ್ತದೆ. ನಿಮ್ಮ ಮನೆಯಲ್ಲಿ ಹೇಳುವ ಮಾತನ್ನು ಊರಿನ ಹೆಸರಿನ ಜೊತೆ ಹಾಗೆಯೇ ಬರೆಯಿರಿ, ಶುದ್ಧ ಮಾಡುವುದು ಬೇಡ.