ಸಹಾಯ ಬೇಕು: ಗರ್ಭಿಣಿ ತಂಗಿ ಖಿನ್ನತೆಯ ಮಾತ್ರೆ ನಿಲ್ಲಿಸಿದ್ದಾಳೆ

ಉಡುಪಿ, ಮಣಿಪಾಲ ಕಡೆಯ ಅಕ್ಕಂದಿರೇ, ಒಂದು ವಿಷಯ ಕೇಳ್ಲಿಕ್ಕುಂಟು. ತಂಗಿಗೆ ಈಗ ಐದು ತಿಂಗಳು. ಎರಡು ವರ್ಷದಿಂದ ಖಿನ್ನತೆಗೆ ಸರ್ಟ್ರಾಲಿನ್ 50 ಮಿ.ಗ್ರಾಂ. ತೆಗೆದುಕೊಳ್ಳುತ್ತಿದ್ದಳು. ಮಗುವಿಗೆ ತೊಂದರೆಯಾದೀತು ಅಂತ ಅವಳ ಅತ್ತೆ ಹೇಳಿದ್ದಕ್ಕೆ ಡಾಕ್ಟ್ರನ್ನೂ ಕೇಳದೆ ನಿಲ್ಲಿಸಿಬಿಟ್ಟಿದ್ದಾಳೆ. ಮೂರು ವಾರ ಆಯ್ತು. ನಿನ್ನೆ ಹೋದಾಗ ಗಂಜಿ ಬಟ್ಟಲು ಎದುರಿಟ್ಟುಕೊಂಡು ಕೂತಿದ್ದಳು. ಗಂಜಿ ಆರಿ ಮೇಲೆ ಕೆನೆಗಟ್ಟಿತ್ತು, ಉಪ್ಪಿನಕಾಯಿ ಹಾಗೇ ಇತ್ತು.

ಮನೆಯಲ್ಲಿ ಎಲ್ಲರದ್ದೂ ಒಂದೇ ಮಾತು: "ಅದು ಬಸುರಿಯ ಹಾರ್ಮೋನು, ಹೆತ್ತ ಮೇಲೆ ಸರಿಯಾಗ್ತದೆ." ನನಗೆ ಹೆದರಿಕೆ ಅಲ್ಲಿಯೇ. ಈಗ ಏರುತ್ತಿರುವ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಹೆರಿಗೆಯಾದ ಕೆಲವೇ ದಿನಗಳಲ್ಲಿ ಒಮ್ಮೆಲೇ ಇಳಿಯುತ್ತವೆ. ಮೊದಲೇ ಖಿನ್ನತೆ ಇದ್ದವರಿಗೆ ಆ ಹೊತ್ತೇ ಕಷ್ಟದ್ದು. ಥೈರಾಯ್ಡ್ ಕಡಿಮೆಯಾದರೂ ಹೀಗೇ ಮಂಕು ಕವಿಯುವುದುಂಟು, ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸುತ್ತೇನೆ.

ಈ ಮಾತ್ರೆಯನ್ನು ಅಗತ್ಯವಿದ್ದರೆ ಬಸುರಿಯರಿಗೂ ಡಾಕ್ಟ್ರು ಮುಂದುವರಿಸುತ್ತಾರೆ, ತಕ್ಷಣ ನಿಲ್ಲಿಸಿದರೆ ಖಿನ್ನತೆ ಮರುಕಳಿಸಬಹುದು ಅಂತ ಗೊತ್ತು. ಆದರೆ ನನ್ನ ಮಾತು ಅತ್ತೆ ನಂಬುವುದಿಲ್ಲ. ಕೆಟ್ಟವರಲ್ಲ ಅವರು, ಹೆದರಿದ್ದಾರೆ ಅಷ್ಟೇ.

ಹೆರಿಗೆ ಡಾಕ್ಟ್ರೂ ಮನೋವೈದ್ಯರೂ ಮಾತಾಡಿಕೊಂಡು ಒಟ್ಟಿಗೆ ನೋಡುವ ಕಡೆ ಯಾವುದಾದರೂ ಉಂಟಾ? ಮಂಗಳೂರಾದರೂ ಅಡ್ಡಿಯಿಲ್ಲ. ಬಸುರಿಯಲ್ಲಿ ಈ ಮಾತ್ರೆ ತೆಗೆದುಕೊಂಡವರು ಯಾರಾದರೂ ಅತ್ತೆಯ ಹತ್ತಿರ ಫೋನಲ್ಲಿ ಎರಡು ಮಾತಾಡ್ತೀರಾ? ಇನ್‌ಬಾಕ್ಸಿಗೆ ಬನ್ನಿ, ದಯವಿಟ್ಟು.